ಅಜ್ಜನ ಹೆಸರು ಯಾರ ಪುಸ್ತಕದಲ್ಲಿದೆ?

ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಕಾರ್ನ್‌ವಾಲ್ ಎಂಬ ಸೀಮೆಯಿದೆ. ಅಲ್ಲಿಯ ಕಡಲತೀರದ ಹಳ್ಳಿಗಳ ಜನ ನೂರಾರು ವರ್ಷ ತವರ ಮತ್ತು ತಾಮ್ರದ ಗಣಿಗಳಲ್ಲಿ ದುಡಿದವರು. ಸೇಂಟ್ ಜಸ್ಟ್ ಎಂಬ ಊರಿನ ಬಳಿ ಇದ್ದ ಲೆವಂಟ್, ಬೊಟಾಲಕ್ ಗಣಿಗಳ ಸುರಂಗಗಳು ಸಮುದ್ರದ ತಳಕ್ಕಿಂತಲೂ ಕೆಳಗೆ ಹಾದುಹೋಗಿದ್ದವು. 1860ರ ದಶಕದಲ್ಲಿ ತಾಮ್ರದ ಬೆಲೆ ಕುಸಿದು ಗಣಿಗಳು ಒಂದೊಂದಾಗಿ ಮುಚ್ಚತೊಡಗಿದಾಗ ಆ ಜನ ಗುಳೆ ಎದ್ದರು. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕ, ಅಮೆರಿಕ, ಮೆಕ್ಸಿಕೊಗಳಿಗೆ ಚದುರಿಹೋದರು. ಕೆಲವರು ನಮ್ಮ ಕೋಲಾರದ ಚಿನ್ನದ ಗಣಿಗೂ ಬಂದರು.

ಇಂದು ಅವರ ಮರಿಮಕ್ಕಳು ಪೂರ್ವಜರನ್ನು ಹುಡುಕಿಕೊಂಡು ಹೊರಡುತ್ತಾರೆ. ಅವರ ಕೆಲಸ ಸುಲಭ. ಇಂಗ್ಲೆಂಡಿನ ಚರ್ಚುಗಳಲ್ಲಿ 1538ರಿಂದಲೇ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆದಿಡುವ ಕಟ್ಟಳೆಯಿತ್ತು. 1837ರಿಂದ ಸರ್ಕಾರವೇ ಜನನ ಮರಣಗಳನ್ನು ನೋಂದಾಯಿಸಿತು. 1841ರಿಂದ ಹತ್ತು ವರ್ಷಕ್ಕೊಮ್ಮೆ ನಡೆದ ಜನಗಣತಿಯ ಮನೆಮನೆಯ ಹಾಳೆಗಳನ್ನು ಜೋಪಾನ ಮಾಡಿ, ನೂರು ವರ್ಷ ಕಳೆದ ಮೇಲೆ ಜನರಿಗೆ ತೆರೆಯಲಾಗುತ್ತದೆ. 1921ರ ಗಣತಿಯ ಹಾಳೆಗಳು 2022ರ ಜನವರಿಯಲ್ಲಿ ತೆರೆದವು. ಯಾವ ಬೀದಿಯ ಯಾವ ಮನೆ, ಯಜಮಾನ ಯಾರು, ಹೆಂಡತಿಯ ವಯಸ್ಸೆಷ್ಟು, ಮಕ್ಕಳೆಷ್ಟು, ಕಸುಬು ಯಾವುದು ಎಲ್ಲವೂ ಅಲ್ಲಿ ಸಿಗುತ್ತದೆ. ಭಾರತಕ್ಕೆ ಬಂದ ಯುರೋಪಿಯನ್ನರ ಮದುವೆ, ಮಕ್ಕಳ ಹೆಸರಿಡುವಿಕೆ, ಸಾವು ಇವುಗಳ ಪ್ರತಿಯನ್ನೂ ಲಂಡನ್ನಿಗೆ ಕಳಿಸಲಾಗುತ್ತಿತ್ತು. ಅವು ಇಂದು ಬ್ರಿಟಿಷ್ ಲೈಬ್ರರಿಯಲ್ಲಿವೆ. ದಕ್ಷಿಣ ಏಷ್ಯಾದಲ್ಲಿರುವ ಯುರೋಪಿಯನ್ ಸ್ಮಶಾನಗಳ ಗೋರಿಬರಹಗಳನ್ನು ದಾಖಲಿಸುವುದಕ್ಕೆಂದೇ 1976ರಲ್ಲಿ ಬ್ರಿಟನ್ನಿನಲ್ಲಿ ಒಂದು ಸಂಘ ಹುಟ್ಟಿಕೊಂಡಿತು. ಆ ಗಣಿ ಸೀಮೆಗಳು 2006ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದವು.

ಇದರಲ್ಲಿ ಆಕ್ಷೇಪಿಸುವಂಥದ್ದೇನೂ ಇಲ್ಲ. ತನ್ನ ಮುತ್ತಜ್ಜ ಓಡಾಡಿದ ಬೀದಿಯಲ್ಲಿ ಒಮ್ಮೆ ಓಡಾಡಬೇಕು, ಅವನ ಗೋರಿಯ ಮೇಲೆ ಒಂದು ಹೂವಿಡಬೇಕು ಎಂಬುದು ಮನುಷ್ಯಸಹಜ ಹಂಬಲ. ಆ ಮುತ್ತಜ್ಜನೂ ಬಡವ. ಅವನೂ ಗಂಡಾಂತರದ ಕೆಲಸಕ್ಕಿಳಿದು ಎದೆಗೆ ಧೂಳು ತುಂಬಿಕೊಂಡವನೇ. ಪ್ರಶ್ನೆ ಇರುವುದು ಬೇರೆ ಕಡೆ. ಅದೇ ಕೋಲಾರದ ಗಣಿಯಲ್ಲಿ, ಅದೇ ಶಾಫ್ಟಿನಲ್ಲಿ, ಅವನಿಗಿಂತ ಕಡಿಮೆ ಕೂಲಿಗೆ, ಅವನಿಗಿಂತ ಹೆಚ್ಚು ಅಪಾಯದಲ್ಲಿ ದುಡಿದ ನಮ್ಮವನ ಮರಿಮೊಮ್ಮಗ ಇದೇ ಹಂಬಲ ಹೊತ್ತು ಹೊರಟರೆ ಅವನಿಗೆ ಸಿಗುವುದೇನು? ಅಜ್ಜನ ಊರು ಆರ್ಕಾಟಿನ ಕಡೆಯದ್ದಂತೆ, ಬರಗಾಲದಲ್ಲಿ ಬಂದರಂತೆ, ಗಣಿಯಲ್ಲಿ ಸತ್ತರಂತೆ. ಬರೀ ‘ಅಂತೆ’ಗಳು. ಈ ವ್ಯತ್ಯಾಸ ತಾನಾಗಿ ಆದದ್ದಲ್ಲ, ಮಾಡಿದ್ದು. ಮಾಡಿದವರು ಯಾರು ಎಂದು ಕೇಳುವುದು ಈ ಬರಹದ ಉದ್ದೇಶ.

ಕೋಲಾರದ ಚಿನ್ನದ ಕತೆ ಶುರುವಾಗುವಲ್ಲೇ ಈ ತಾರತಮ್ಯವೂ ಶುರುವಾಗುತ್ತದೆ. 1799ರಲ್ಲಿ ಟಿಪ್ಪು ಸುಲ್ತಾನರು ಹುತಾತ್ಮರಾದ ಮೇಲೆ ಮೈಸೂರಿನ ಗಡಿಯನ್ನು ಅಳೆಯಲು ಬಂದ ಜಾನ್ ವಾರೆನ್ ಎಂಬ ಸೇನಾಧಿಕಾರಿ 1802ರಲ್ಲಿ ಉರಿಗಾಂ, ಮಾರಿಕುಪ್ಪಂ ಸುತ್ತ ಚಿನ್ನ ತೆಗೆಯುವುದನ್ನು ಕಂಡ. ಅಲ್ಲಿಯ ದಲಿತರು ಗುಂಡಿಗಿಳಿದು ಕಲ್ಲು ಒಡೆದು ಬುಟ್ಟಿಯಲ್ಲಿ ಕೈಯಿಂದ ಕೈಗೆ ದಾಟಿಸುತ್ತಿದ್ದರು, ಹೆಂಗಸರು ಅದನ್ನು ಕುಟ್ಟಿ ತೊಳೆಯುತ್ತಿದ್ದರು. ವಾರೆನ್ ಅದನ್ನು ಬರೆದು ಪ್ರಕಟಿಸಿದ. ಆ ಬರಹವನ್ನು ಓದಿ 1870ರ ದಶಕದಲ್ಲಿ ಲಾವೆಲ್ ಎಂಬ ನಿವೃತ್ತ ಸೈನಿಕ ಪರವಾನಗಿ ಪಡೆದ. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಆಡಳಿತ ವಹಿಸಿಕೊಂಡಿತು. ವಾರೆನ್, ಲಾವೆಲ್, ಟೇಲರ್ ಎಂಬ ಹೆಸರುಗಳು ಪಠ್ಯಪುಸ್ತಕದಲ್ಲಿ ಉಳಿದವು. ಚಿನ್ನ ಎಲ್ಲಿದೆ ಎಂದು ಅವರಿಗೆಲ್ಲ ತೋರಿಸಿಕೊಟ್ಟವರ ಹೆಸರು ಉಳಿಯಲಿಲ್ಲ.

ಆಮೇಲೆ ಬಂದವರು ಸಾವಿರ ಸಾವಿರ. ಉತ್ತರ ಆರ್ಕಾಟ್, ಚಿತ್ತೂರು, ಸೇಲಂ ಸೀಮೆಗಳಿಂದ 1876–78ರ ಮಹಾ ಕ್ಷಾಮದಲ್ಲಿ ಬೆಂದು ಬಂದ ದಲಿತ ಕುಟುಂಬಗಳೇ ಬಹುಪಾಲು. ಜಮೀನ್ದಾರನ ಜೀತಕ್ಕಿಂತ ಪಾತಾಳವೇ ಮೇಲು ಎಂದುಕೊಂಡು ಬಂದವರು. ಅವರ ಜೊತೆ ಮಲಬಾರಿನ ಮಾಪಿಳ್ಳೆಯರೂ ಗಣಿಯೊಳಗೆ ದುಡಿದರು. ಪಂಜಾಬಿನ ಕಡೆಯ ಸಿಖ್ಖರು, ಪಠಾಣರು ಕಾವಲಿಗೆ ಬಂದರು. ದಖನಿ ಮಾತಾಡುವ ಮುಸ್ಲಿಮರು ಪೇಟೆಯಲ್ಲಿ ಅಂಗಡಿ ಇಟ್ಟರು, ಗಾಡಿ ಹೊಡೆದರು. 1894ರಲ್ಲಿ ರೈಲು ಬಂತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಜಗತ್ತಿನ ಅತಿ ಆಳದ ಗಣಿಗಳಲ್ಲಿ ಅದೂ ಒಂದು. ಆ ಆಳದಲ್ಲಿ ಬಂಡೆ ತನ್ನ ಭಾರಕ್ಕೆ ತಾನೇ ಸಿಡಿಯುತ್ತಿತ್ತು. ಸಿಡಿದಾಗ ಒಳಗಿದ್ದವರು ಅಲ್ಲೇ ಮಣ್ಣಾಗುತ್ತಿದ್ದರು.

ಕಂಪನಿಯವರಿಗೆ ಲೆಕ್ಕ ಇಡುವುದು ಗೊತ್ತಿರಲಿಲ್ಲವೆಂದು ಯಾರೂ ಹೇಳುವಂತಿಲ್ಲ. 1880ರ ದಶಕದಿಂದ 2001ರವರೆಗೆ ಆ ನೆಲದಿಂದ ಸುಮಾರು 800 ಟನ್ ಚಿನ್ನ ಹೊರಬಂದದ್ದು ನಮಗೆ ಗೊತ್ತಿರುವುದೇ ಅವರು ಔನ್ಸ್ ಔನ್ಸಿಗೂ ಲೆಕ್ಕ ಇಟ್ಟದ್ದರಿಂದ. ಚಿನ್ನದ ಮೌಲ್ಯದಲ್ಲಿ ನೂರಕ್ಕೆ ಐದರಂತೆ ಮೈಸೂರು ಸಂಸ್ಥಾನಕ್ಕೆ ರಾಜಧನ ಸಂದಾಯವಾಗುತ್ತಿತ್ತು. ಅದಕ್ಕೂ ಲೆಕ್ಕವಿತ್ತು. ಬೀದಿಗಳಿಗೂ ಪೇಟೆಗಳಿಗೂ ಹೆಸರುಗಳಿದ್ದವು. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಗಿಫರ್ಡ್ಸ್ ಶಾಫ್ಟ್, ಬುಲನ್ಸ್ ಶಾಫ್ಟ್, ಎಡ್ಗರ್ಸ್, ಹೆನ್ರೀಸ್, ಟೆನೆಂಟ್ಸ್, ಕೆನಡೀಸ್. ಎಲ್ಲವೂ ಸಾಹೇಬರ ಹೆಸರುಗಳು. ಬಿದಿರಿನ ತಟ್ಟಿಯ ಒಂದೇ ಕೋಣೆಯ ಮನೆಗಳಲ್ಲಿ ತಲೆಮಾರುಗಟ್ಟಲೆ ಬದುಕಿದವರ ಸಾಲುಮನೆಗಳಿಗೆ ‘ಕೂಲಿ ಲೈನು’ ಎಂದಷ್ಟೇ ಹೆಸರು. ಕಾರ್ನ್‌ವಾಲಿನ ಬೀದಿ ಅಲ್ಲಿಯ ಮನೆತನಗಳನ್ನು ನೆನಪಿಟ್ಟುಕೊಂಡಿದೆ. ನಮ್ಮ ಲೈನು ನಮ್ಮ ಮೇಲೆ ಯಜಮಾನಿಕೆ ಮಾಡಿದವರನ್ನು ನೆನಪಿಟ್ಟುಕೊಂಡಿದೆ.

ಕಾರ್ಮಿಕರ ಗುರುತು ಕಂಪನಿಗೆ ಬೇಡವಾಗಿತ್ತೇ? ಅದೂ ಅಲ್ಲ. ಬೇಕಾಗಿತ್ತು, ಆದರೆ ಅವರನ್ನು ಹಿಡಿಯಲಿಕ್ಕೆ ಮಾತ್ರ ಬೇಕಾಗಿತ್ತು. ಕಾರ್ಮಿಕರೆಲ್ಲರ ಬೆರಳಚ್ಚು ಪಡೆದು ನೋಂದಾಯಿಸುವ ಕ್ರಮ ಬಂದಾಗ 1930ರಲ್ಲಿ ಇಡೀ ಗಣಿಯ ಜನ ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು. ಕಳ್ಳರ ಬೆರಳಚ್ಚು ಪಡೆಯುವಂತೆ ನಮ್ಮದನ್ನೂ ಪಡೆಯುತ್ತೀರಾ ಎಂಬುದು ಅವರ ಪ್ರಶ್ನೆಯಾಗಿತ್ತು. ಯಜಮಾನನ ದಫ್ತರಿನಲ್ಲಿ ಬಡವನ ಗುರುತು ಎರಡೇ ರೀತಿಯಲ್ಲಿ ದಾಖಲಾಗುತ್ತದೆ, ಕೂಲಿಯಾಗಿ ಇಲ್ಲವೇ ಆರೋಪಿಯಾಗಿ ಎಂಬುದನ್ನು ಅಕ್ಷರ ಕಲಿಯದ ಆ ಜನ ಅಂದೇ ಅರ್ಥ ಮಾಡಿಕೊಂಡಿದ್ದರು. 1940ರ ದಶಕದ ವೈದ್ಯಕೀಯ ಸಮೀಕ್ಷೆಯೊಂದರಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ತಪಾಸಣೆ ಮಾಡಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯ ಶ್ವಾಸಕೋಶದಲ್ಲಿ ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಕಂಡುಬಂತು. ಆ ಅಂಕಿ ಜಗತ್ತಿನ ವೈದ್ಯ ಸಾಹಿತ್ಯದಲ್ಲಿ ಸೇರಿಕೊಂಡಿತು. ಕೆಮ್ಮಿ ಕೆಮ್ಮಿ ಸತ್ತವರು ಅಂಕಿಯೊಳಗೆ ಕರಗಿಹೋದರು. 1946ರ ನವೆಂಬರಿನಲ್ಲಿ ಹೋರಾಟಕ್ಕಿಳಿದ ಆರು ಕಾರ್ಮಿಕರು ಪೊಲೀಸರ ಗುಂಡಿಗೆ ಬಲಿಯಾದರು. ಅವರನ್ನು ಇಂದಿಗೂ ನೆನೆಯುವವರು ಕಾರ್ಮಿಕ ಸಂಘದವರು. ನಮ್ಮ ಸ್ವಾತಂತ್ರ್ಯ ಚಳವಳಿಯ ಪಾಠಗಳಲ್ಲಿ ಅವರಿಗೆ ಒಂದು ಸಾಲಿನ ಜಾಗವೂ ಇಲ್ಲ.

ಈಗ ಕನ್ನಡಿಗರಿಗೆ ಕೆ.ಜಿ.ಎಫ್. ಎಂದರೆ 2018 ಮತ್ತು 2022ರಲ್ಲಿ ಬಂದ ಎರಡು ಸಿನಿಮಾ. ಅದರಲ್ಲಿ ಮುಂಬಯಿಯಿಂದ ಬಂದ ಒಬ್ಬ ನಾಯಕ ಗಣಿಯ ಗುಲಾಮರನ್ನು ಉದ್ಧರಿಸುತ್ತಾನೆ. ಕೊಟ್ಯಂತರ ರೂಪಾಯಿ ಗಳಿಸಿದ ಆ ಕತೆಯಲ್ಲಿ ಗಣಿಯ ಜನಕ್ಕೆ ಸ್ವಂತ ಮಾತಿಲ್ಲ, ಮುಷ್ಕರವಿಲ್ಲ, ಸಂಘಟನೆಯಿಲ್ಲ. ನಿಜವಾದ ಮಾರಿಕುಪ್ಪಂನಲ್ಲಿ 1907ರಷ್ಟು ಹಿಂದೆಯೇ ಗಣಿ ಕಾರ್ಮಿಕರ ನಡುವೆ ಬೌದ್ಧ ಸಂಘ ಕೆಲಸ ಮಾಡುತ್ತಿತ್ತು. ಜಾತಿಯ ಹೆಸರು ಕಳಚಿ ಮನುಷ್ಯರಾಗಲು ಹೊರಟಿದ್ದ ಜನ ಅವರು. ಯಾರೋ ಬಂದು ಉದ್ಧರಿಸಲೆಂದು ಕಾದು ಕೂತವರಲ್ಲ.

‘ಭಾರತೀಯರಿಗೆ ಇತಿಹಾಸ ಪ್ರಜ್ಞೆ ಇಲ್ಲ, ಬರೆದಿಡುವ ರೂಢಿಯಿಲ್ಲ, ಬ್ರಿಟಿಷರಿಗೆ ಆ ಶಿಸ್ತಿತ್ತು’ ಎಂಬ ಮಾತನ್ನು ಓದಿದವರೂ ಹೇಳುತ್ತಾರೆ. ಈ ಮಾತು ಅರ್ಧ ಸುಳ್ಳು, ಅರ್ಧ ಕುತಂತ್ರ. ಕೃಷ್ಣರಾಜನಗರದ ಕಡೆ ಹೊಸ ಅಗ್ರಹಾರ ಎಂಬ ಊರಿದೆ. ಅಗ್ರಹಾರ ಎಂಬ ಪದವನ್ನೇ ನೋಡಿ. ರಾಜರು ಬ್ರಾಹ್ಮಣರಿಗೆ ದಾನ ಕೊಟ್ಟ ಊರುಗಳು ಅಗ್ರಹಾರಗಳು. ಆ ದಾನದ ಶಾಸನಗಳನ್ನು ಕಲ್ಲಿನಲ್ಲೂ ತಾಮ್ರದಲ್ಲೂ ಕೊರೆಸಿದರು. ದಾನ ಪಡೆದವನ ಹೆಸರು, ತಂದೆಯ ಹೆಸರು, ಗೋತ್ರ, ಶಾಖೆ, ಅವನಿಗೆ ಸಲ್ಲಬೇಕಾದ ವೃತ್ತಿ ಎಷ್ಟು ಎಂಬುದನ್ನೆಲ್ಲ ಬರೆಸಿದರು. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಸಂಪುಟಗಳಲ್ಲಿ ಇಂಥ ಹೆಸರುಗಳ ಪಟ್ಟಿಗಳು ತುಂಬಿವೆ. ನೂರಾರು ವರ್ಷದ ನಂತರವೂ ಅವರ ವಂಶಸ್ಥ ತನ್ನ ಮೂಲಪುರುಷನನ್ನು ಹುಡುಕಬಲ್ಲ. ಅದೇ ಅಗ್ರಹಾರದ ಗದ್ದೆಯಲ್ಲಿ ನಾಟಿ ಹಾಕಿದವರ, ಕೆರೆಯ ಮಣ್ಣು ಹೊತ್ತವರ ಹೆಸರು ಎಲ್ಲಿದೆ? ಬರೆದಿಡುವ ರೂಢಿ ನಮ್ಮಲ್ಲೂ ಇತ್ತು. ಯಾರನ್ನು ಬರೆಯಬೇಕು ಎಂಬ ತೀರ್ಮಾನವೂ ಅದರ ಜೊತೆಗೇ ಇತ್ತು. ಬ್ರಿಟಿಷರು ಆ ತೀರ್ಮಾನವನ್ನು ಬದಲಾಯಿಸಲಿಲ್ಲ. ಅದರ ಮೇಲೆ ತಮ್ಮವರ ಹೆಸರನ್ನು ಸೇರಿಸಿಕೊಂಡರು, ಅಷ್ಟೆ.

ಕನ್ನಡ ನಾಡಿನಲ್ಲಿ ಇದಕ್ಕೆ ಎದುರಾದ ಇನ್ನೊಂದು ಪರಂಪರೆಯೂ ಇತ್ತು ಎಂಬುದನ್ನು ಮರೆಯಬಾರದು. ನಮ್ಮ ಹಳ್ಳಿಗಳ ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ ವೀರಗಲ್ಲುಗಳು ನಿಂತಿವೆ. ಊರಿನ ತುರುಗಳನ್ನು ಕದ್ದೊಯ್ಯುವವರ ಜೊತೆ ಕಾದಾಡಿ ಸತ್ತ ಸಾಮಾನ್ಯ ಮನುಷ್ಯನ ಹೆಸರನ್ನು ಊರವರು ಕಲ್ಲಿನಲ್ಲಿ ಕೊರೆಸಿದರು. ದನ ಉಳಿಸಲು ಸತ್ತವನಿಗೆ ಒಂದು ಕಲ್ಲು ನೆಟ್ಟ ನಾಡು ಇದು. ರಾಜ್ಯದ ಖಜಾನೆ ತುಂಬಿಸಲು ನೂರ ಇಪ್ಪತ್ತು ವರ್ಷ ಪಾತಾಳದಲ್ಲಿ ಸತ್ತವರಿಗೆ ಒಂದೊಂದು ಕಲ್ಲಿರಲಿ, ಎಲ್ಲರ ಹೆಸರಿರುವ ಒಂದು ಪಟ್ಟಿಯನ್ನೂ ಈ ನಾಡು ಬರೆದಿಡಲಿಲ್ಲ.

ಕೋಲಾರದ ಕತೆ ನಮಗೇಕೆ, ಅದು ತಮಿಳರ ಊರು ಎಂದು ಮೈಸೂರು ಸೀಮೆಯ ಓದುಗ ಕೇಳಬಹುದು. ಕಾವೇರಿಯ ನೀರು ಈ ಪ್ರಶ್ನೆಗೆ ಉತ್ತರ ಹೇಳುತ್ತದೆ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ ಮೊದಲು ಹರಿದದ್ದು ಮೈಸೂರಿಗಲ್ಲ, ಬೆಂಗಳೂರಿಗೂ ಅಲ್ಲ. ಸುಮಾರು 147 ಕಿಲೋಮೀಟರ್ ತಂತಿ ಎಳೆದು ಅದನ್ನು ಚಿನ್ನದ ಗಣಿಗೆ ಒಯ್ದರು. ಬೆಂಗಳೂರಿನ ಬೀದಿದೀಪ ಉರಿದದ್ದು ಮೂರು ವರ್ಷ ಕಳೆದ ಮೇಲೆ. ಬೇಸಿಗೆಯಲ್ಲಿ ಹೊಳೆ ಇಳಿದರೆ ಗಣಿಯ ವಿದ್ಯುತ್ ಸೊರಗುತ್ತಿತ್ತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾದದ್ದರ ಹಿಂದೆ ನೀರಾವರಿಯಷ್ಟೇ ಈ ಒತ್ತಡವೂ ಇತ್ತು. ಕಟ್ಟೆಯ ನೀರಿನಲ್ಲಿ ಹಳೆಯ ಕನ್ನಂಬಾಡಿ ಮುಳುಗಿತು, ಇನ್ನೂ ಹಲವು ಹಳ್ಳಿಗಳು ಮುಳುಗಿದವು. ಮಂಡ್ಯದ ಗದ್ದೆಗೆ ನೀರು ಬಂತು, ಅದು ದೊಡ್ಡ ಸಂಗತಿ. ಆದರೆ ಮುಳುಗಿದ ಬೀದಿಗಳಲ್ಲಿ ಯಾರ ಮನೆ ಎಲ್ಲಿತ್ತು ಎಂಬುದು ಎಷ್ಟು ಜನರಿಗೆ ಗೊತ್ತು? ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವನ್ನು ನಮ್ಮ ಕಾಲದಲ್ಲಿ ಕಲ್ಲು ಕಲ್ಲೂ ಬಿಡಿಸಿ ಮತ್ತೊಂದೆಡೆ ಕಟ್ಟಿದರು. ಒಳ್ಳೆಯ ಕೆಲಸ. ಅದೇ ಊರಿನ ಹೊಲಗೇರಿಯ ನಕ್ಷೆಯನ್ನು ಬರೆಯಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಕೃಷ್ಣರಾಜನಗರವೇ ಎದ್ದು ಬಂದ ಊರು. ಕಾವೇರಿಯ ಪ್ರವಾಹಕ್ಕೆ ನಲುಗಿದ ಎಡತೊರೆಯನ್ನು ಬಿಟ್ಟು 1920ರ ದಶಕದಲ್ಲಿ ಹೊಸ ಪಟ್ಟಣ ಕಟ್ಟಿ ಮಹಾರಾಜರ ಹೆಸರಿಟ್ಟರು. ಎಡತೊರೆಯ ಅರ್ಕೇಶ್ವರ ಗುಡಿ ಹೊಳೆಯ ದಂಡೆಯಲ್ಲಿ ಇಂದಿಗೂ ಇದೆ. ಅಲ್ಲಿದ್ದ ಬಡವರ ಬೀದಿಗಳು ಯಾವ ಪುಸ್ತಕದಲ್ಲಿವೆ? ನಮ್ಮ ಸೀಮೆಯಲ್ಲಿ ಹೊಸಹಳ್ಳಿ, ಹೊಸೂರು, ಹೊಸಕೋಟೆ, ಹೊಸ ಅಗ್ರಹಾರ ಎಂಬ ಹೆಸರಿನ ಊರುಗಳು ಎಷ್ಟಿಲ್ಲ! ಹೊಸದು ಎಂದ ಕೂಡಲೇ ಹಳೆಯದು ಯಾವುದು, ಎಲ್ಲಿತ್ತು ಎಂಬ ಪ್ರಶ್ನೆ ಏಳಬೇಕು. ಊರಿನ ಶಾಲೆಯ ಮೇಷ್ಟ್ರು ಆ ಪ್ರಶ್ನೆಯನ್ನು ಮಕ್ಕಳ ಮುಂದಿಟ್ಟು, ಅಜ್ಜಿಯರನ್ನು ಕೇಳಿ ಬರೆದುಕೊಂಡು ಬನ್ನಿ ಎಂದು ಹೇಳಿದರೆ ಒಂದೇ ವರ್ಷದಲ್ಲಿ ಒಂದು ಇತಿಹಾಸದ ಪುಸ್ತಕವಾದೀತು.

ಪೂರ್ವಜರ ಹುಡುಕಾಟ ಹೊಟ್ಟೆ ತುಂಬಿದವರ ಹವ್ಯಾಸ, ಬಡವರಿಗೆ ಅದರಿಂದ ಏನಾಗಬೇಕು ಎಂಬ ವಾದವೂ ಇದೆ. ಇಪ್ಪತ್ತು ವರ್ಷದ ಹಿಂದೆ ಈ ವಾದಕ್ಕೆ ತೂಕವಿತ್ತೇನೋ. ಇಂದು ಇಲ್ಲ. ಅಸ್ಸಾಮಿನ ರಾಷ್ಟ್ರೀಯ ಪೌರತ್ವ ನೋಂದಣಿಯಲ್ಲಿ ಏನಾಯಿತು ನೋಡಿ. 1951ರ ನೋಂದಣಿಯಲ್ಲಿ ಅಥವಾ 1971ರ ಮಾರ್ಚ್ 24ರವರೆಗಿನ ಮತದಾರರ ಪಟ್ಟಿಯಂಥ ದಾಖಲೆಯಲ್ಲಿ ತನ್ನ ಅಥವಾ ಪೂರ್ವಜರ ಹೆಸರಿದೆ ಎಂದು ತೋರಿಸಬೇಕು, ಆ ಪೂರ್ವಜರಿಗೂ ತನಗೂ ಇರುವ ಸಂಬಂಧವನ್ನು ಕಾಗದದಲ್ಲಿ ಸಾಬೀತು ಮಾಡಬೇಕು. 2019ರ ಆಗಸ್ಟ್ 31ರಂದು ಬಂದ ಪಟ್ಟಿಯಿಂದ 19,06,657 ಜನ ಹೊರಗುಳಿದರು. 2025ರಲ್ಲಿ ಬಿಹಾರದಲ್ಲಿ ನಡೆದ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆಯಲ್ಲಿ 2003ರ ಪಟ್ಟಿಯಲ್ಲಿ ನಿನ್ನ ಹೆಸರಿದೆಯೇ, ನಿನ್ನ ತಂದೆತಾಯಿಯ ಹೆಸರಿದೆಯೇ ಎಂದು ಕೇಳಲಾಯಿತು. ಕರಡು ಪಟ್ಟಿಯಲ್ಲಿ ಸುಮಾರು 65 ಲಕ್ಷ ಹೆಸರುಗಳಿರಲಿಲ್ಲ. ಅವು ಯಾರ ಹೆಸರು, ಏಕೆ ಬಿಟ್ಟಿರಿ ಎಂದು ಬಹಿರಂಗಪಡಿಸಲು ಸುಪ್ರೀಂ ಕೋರ್ಟು ಹೇಳಬೇಕಾಯಿತು. ಅದೇ ವರ್ಷ ನವೆಂಬರಿನಿಂದ ತಮಿಳುನಾಡು, ಕೇರಳ ಸೇರಿ ಇನ್ನೂ 12 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಅದು ಹಬ್ಬಿತು.

ಕಾರ್ನ್‌ವಾಲಿನ ಮರಿಮೊಮ್ಮಗ ರಜೆಯಲ್ಲಿ ಕುಳಿತು ಅಜ್ಜನನ್ನು ಹುಡುಕುತ್ತಾನೆ. ಸಿಕ್ಕದಿದ್ದರೆ ಸ್ವಲ್ಪ ಬೇಸರ, ಅಷ್ಟೆ. ನಮ್ಮವನಿಗೆ ಅಜ್ಜ ಸಿಕ್ಕದಿದ್ದರೆ ಓಟು ಹೋಗಬಹುದು, ಪೌರತ್ವದ ಮೇಲೇ ಅನುಮಾನ ಬರಬಹುದು. ಈ ಹುಡುಕಾಟ ಬಡವರ ಪಾಲಿಗೆ ಪರೀಕ್ಷೆಯಾಗಿದೆ. ಪರೀಕ್ಷೆಯ ಉತ್ತರಪತ್ರಿಕೆ ಇರುವುದು ಪ್ರಶ್ನೆ ಕೇಳುವವರ ಕೈಯಲ್ಲೇ. ಭಾರತದಲ್ಲಿ 1881ರಿಂದ ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೆಸಿದರು. ಕೋಷ್ಟಕಗಳು ಉಳಿದವು, ಮನೆಮನೆಯ ಹಾಳೆಗಳು ಉಳಿಯಲಿಲ್ಲ. ಸ್ವತಂತ್ರ ಭಾರತದ 1948ರ ಜನಗಣತಿ ಕಾಯ್ದೆಯ 15ನೇ ಕಲಮಿನ ಪ್ರಕಾರ ಗಣತಿಯ ದಾಖಲೆಗಳನ್ನು ಪರಿಶೀಲಿಸುವ ಹಕ್ಕು ಯಾರಿಗೂ ಇಲ್ಲ. ಬದುಕಿರುವವರ ಗೋಪ್ಯತೆ ಕಾಪಾಡಲು ಅದು ಬೇಕು. ಆದರೆ ನೂರು ವರ್ಷದ ನಂತರ ತೆರೆಯುವ ಬಾಗಿಲೊಂದನ್ನೂ ಆ ಕಾಯ್ದೆಯಲ್ಲಿ ಇಡಲಿಲ್ಲ. ಇಡೀ ದೇಶಕ್ಕೆ ಒಂದೇ ರೀತಿಯ ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ನಮ್ಮನ್ನು ಬರೆದಿಡಬೇಕಾದ ಹೊಣೆಯನ್ನು ಪ್ರಭುತ್ವ ನಿಭಾಯಿಸಲಿಲ್ಲ. ಬರಹವಿಲ್ಲದ ಶಿಕ್ಷೆಯನ್ನು ಮಾತ್ರ ನಮ್ಮ ತಲೆಗೆ ಕಟ್ಟುತ್ತದೆ. ಇದಕ್ಕಿಂತ ದೊಡ್ಡ ಅನ್ಯಾಯ ಯಾವುದಿದೆ?

ಕೆ.ಜಿ.ಎಫ್. ಜನರಿಗೆ ಈ ಕಾಗದದ ಪ್ರಶ್ನೆ ಇನ್ನೂ ಹತ್ತಿರದ್ದು. ಮೈಸೂರು ಸರ್ಕಾರ 1956ರಲ್ಲಿ ಗಣಿಗಳನ್ನು ರಾಷ್ಟ್ರೀಕರಣ ಮಾಡಿತು, 1962ರಲ್ಲಿ ಅವು ಕೇಂದ್ರದ ಕೈಗೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿ ಹುಟ್ಟಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಂದಿನಿಂದ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವುದೇ ಅಲ್ಲಿಯವರ ಬದುಕಾಗಿದೆ. ತಲೆಮಾರುಗಳಿಂದ ಬಾಳಿದ ಮನೆಯ ಹಕ್ಕುಪತ್ರ, ಸಿಲಿಕೋಸಿಸ್‌ನಿಂದ ಸತ್ತವರ ಪರಿಹಾರ, ಬಾಕಿ ಹಣ ಯಾವುದನ್ನು ಕೇಳಬೇಕಾದರೂ ಅಜ್ಜ ಅಲ್ಲಿ ದುಡಿದಿದ್ದ ಎಂಬುದಕ್ಕೆ ಕಾಗದ ಬೇಕು. ಈ ನಡುವೆ 2024ರ ಜೂನಿನಲ್ಲಿ ರಾಜ್ಯ ಸಂಪುಟ ಗಣಿಯ ಹದಿಮೂರು ತ್ಯಾಜ್ಯದ ಗುಡ್ಡಗಳನ್ನು, ಸುಮಾರು ಒಂದು ಸಾವಿರ ಎಕರೆಯಲ್ಲಿರುವ 3 ಕೋಟಿ 30 ಲಕ್ಷ ಟನ್ ಸಯನೈಡ್ ಮಣ್ಣನ್ನು ಹರಾಜು ಹಾಕಿ ಅದರಲ್ಲಿ ಉಳಿದ ಚಿನ್ನ ತೆಗೆಯಲು ಒಪ್ಪಿಗೆ ಕೊಟ್ಟಿತು. ಮಣ್ಣಿನಲ್ಲಿ ಅಳಿದುಳಿದ ಚಿನ್ನದ ಕಣವನ್ನೂ ಬಿಡದೆ ಎಣಿಸಲು ಸರ್ಕಾರಗಳು ಸಿದ್ಧ. ಆ ಮಣ್ಣನ್ನು ಮೇಲಕ್ಕೆ ತಂದವರ ಹೆಸರನ್ನು ಎಣಿಸಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ.

ಕಾನೂನು ಇಲ್ಲವೆಂದಲ್ಲ. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಕೇಂದ್ರ ಸರ್ಕಾರದ ಒಡೆತನದ ಕಂಪನಿಗಳಿಗೂ ಅನ್ವಯಿಸುತ್ತದೆ. 1892ಕ್ಕಿಂತ ಹಿಂದಿನ ದಾಖಲೆ ಬಳಸಲಾಗದಷ್ಟು ಹಾಳಾಗಿರದ ಹೊರತು ಅದನ್ನು ನಾಶ ಮಾಡುವಂತಿಲ್ಲ ಎಂದು ಅದು ಹೇಳುತ್ತದೆ. ನಿಯಮ ಮೀರಿ ದಾಖಲೆ ನಾಶ ಮಾಡಿದವರಿಗೆ ಐದು ವರ್ಷದವರೆಗೆ ಜೈಲು ಅಥವಾ ದಂಡ ವಿಧಿಸಬಹುದು. ಹಾಗಿದ್ದರೆ ಗಣಿಯ ಹಾಜರಿ ಪುಸ್ತಕ, ಅಪಘಾತದ ರಿಜಿಸ್ಟರು, ಆಸ್ಪತ್ರೆಯ ಪುಸ್ತಕ, ಲೈನುಮನೆ ಹಂಚಿಕೆಯ ಪಟ್ಟಿ ಇವುಗಳಲ್ಲಿ ಉಳಿದವೆಷ್ಟು, ಎಲ್ಲಿವೆ ಎಂದು ಕೇಂದ್ರದ ಗಣಿ ಸಚಿವಾಲಯ ಹೇಳಲಿ. ಹರಾಜಿನ ಗುತ್ತಿಗೆದಾರ ಆ ನೆಲಕ್ಕೆ ಕಾಲಿಡುವ ಮೊದಲು ಅವನ್ನೆಲ್ಲ ಒಟ್ಟುಮಾಡಿ, ಪ್ರತಿ ತೆಗೆದು, ಕೆ.ಜಿ.ಎಫ್.ನಲ್ಲೇ ಜನ ನೋಡುವಂತೆ ಇಡಲಿ. ಮೈಸೂರು ಸಂಸ್ಥಾನದ ಗಣಿ ಇನ್‌ಸ್ಪೆಕ್ಟರರ ವಾರ್ಷಿಕ ವರದಿಗಳಲ್ಲಿ, ರಾಜ್ಯ ಪತ್ರಾಗಾರದ ಕಡತಗಳಲ್ಲಿ ಇರುವುದನ್ನು ರಾಜ್ಯ ಸರ್ಕಾರ ಕನ್ನಡ, ತಮಿಳು, ಉರ್ದು ಮೂರರಲ್ಲೂ ಪಟ್ಟಿ ಮಾಡಲಿ. ಕೂಲಿ ಲೈನುಗಳ, ಸ್ಮಶಾನಗಳ, ಕಬರಸ್ತಾನಗಳ ನಕ್ಷೆ ಬರೆಸಲಿ. ಬ್ರಿಟಿಷರ ಗೋರಿಗಳಿಗೆ ಸಿಕ್ಕ ಗೌರವ ನಮ್ಮವರ ಮಣ್ಣಿಗೂ ಸಿಗಲಿ.

ಸರ್ಕಾರಕ್ಕೆ ಹೇಳುವುದನ್ನು ಹೇಳಿದ್ದಾಯಿತು. ಮುಸ್ಲಿಮರಾದ ನಮಗೂ ಹೇಳಿಕೊಳ್ಳುವುದಿದೆ. ನಮ್ಮಲ್ಲಿ ವಂಶಾವಳಿ ಇಟ್ಟುಕೊಂಡವರು ಯಾರು? ಅರಬರಿಂದ, ಪ್ರವಾದಿ(ಸ)ಯವರ ಮನೆತನದಿಂದ ಇಳಿದು ಬಂದವರೆಂದು ಹೇಳಿಕೊಳ್ಳುವ ಕುಟುಂಬಗಳು, ದರ್ಗಾಗಳ ಸಜ್ಜಾದಾ ಮನೆತನಗಳು. ಅವರ ಶಜರಾಗಳನ್ನು ರೇಷ್ಮೆಬಟ್ಟೆಯಲ್ಲಿ ಸುತ್ತಿಡಲಾಗಿದೆ. ಉಳಿದವರು ಅವಕಾಶ ಸಿಕ್ಕರೆ ಅರಬ, ಪಠಾಣ, ಮೊಗಲ ಎಂದು ಒಂದು ದೂರದ ಅಜ್ಜನನ್ನು ಕಲ್ಪಿಸಿಕೊಳ್ಳುತ್ತೇವೆ. ನಿಜವಾದ ಅಜ್ಜ ಹತ್ತಿ ಎಕ್ಕುವ ಪಿಂಜಾರನಾಗಿದ್ದ, ಜಟಕಾ ಹೊಡೆಯುತ್ತಿದ್ದ, ಬೀಡಿ ಕಟ್ಟುತ್ತಿದ್ದ, ಗಣಿಗೆ ಇಳಿಯುತ್ತಿದ್ದ ಎಂದು ಹೇಳಲು ನಾಚುತ್ತೇವೆ. ಇದು ಅಗ್ರಹಾರದ ಶಾಸನದ ಮನಸ್ಸೇ, ಲಿಪಿ ಮಾತ್ರ ಬೇರೆ. ಜನಾಂಗಗಳೂ ಕುಲಗಳೂ ಇರುವುದು ಪರಸ್ಪರ ಪರಿಚಯಕ್ಕೆ, ಹಿರಿಮೆಗಲ್ಲ ಎಂದು ಕುರ್‌ಆನಿನಿಂದ ಕಲಿತವರು ಹೀಗೆ ಮಾಡಬಹುದೇ?

ನಮ್ಮ ಪರಂಪರೆ ಬೇರೆಯೇ ಪಾಠ ಹೇಳುತ್ತದೆ. ಹಝ್ರತ್ ಬಿಲಾಲ್(ರ) ಗುಲಾಮರಾಗಿದ್ದವರು. ಹಝ್ರತ್ ಸುಮಯ್ಯಾ(ರ) ಗುಲಾಮ ಹೆಂಗಸಾಗಿದ್ದರು, ಇಸ್ಲಾಮಿನ ಮೊದಲ ಹುತಾತ್ಮೆ. ಹದಿನಾಲ್ಕು ಶತಮಾನದ ನಂತರವೂ ಅವರ ಹೆಸರು ನಮ್ಮ ಮಕ್ಕಳ ಬಾಯಲ್ಲಿದೆ. ಅವರನ್ನು ಆಳಿದ ಒಡೆಯರ ಹೆಸರು ಇತಿಹಾಸ ಓದಿದವರಿಗಷ್ಟೇ ಗೊತ್ತು. ಯಜಮಾನನ ಪುಸ್ತಕವನ್ನು ತಲೆಕೆಳಗು ಮಾಡುವುದೆಂದರೆ ಇದು. ಹದೀಸ್ ಹೇಳಿದವರು ಯಾರು, ಯಾರಿಂದ ಕೇಳಿದರು, ಎಲ್ಲಿಯವರು, ನಂಬಿಕೆಗೆ ಅರ್ಹರೇ ಎಂದು ಸಾವಿರಾರು ಜನರ ಜೀವನವನ್ನು ಬರೆದಿಟ್ಟು ಅದನ್ನೊಂದು ಶಾಸ್ತ್ರವಾಗಿ ಬೆಳೆಸಿದ ಸಮುದಾಯ ನಮ್ಮದು. ಇಂದು ನಮ್ಮ ಎಷ್ಟು ಮಸೀದಿಗಳಲ್ಲಿ ಐವತ್ತು ವರ್ಷದ ಹಿಂದಿನ ನಿಕಾಹ್ ರಿಜಿಸ್ಟರು ಸುಸ್ಥಿತಿಯಲ್ಲಿದೆ? ಎಷ್ಟು ಕಬರಸ್ತಾನಗಳಲ್ಲಿ ಯಾರನ್ನು ಯಾವತ್ತು ದಫನ್ ಮಾಡಿದರು ಎಂಬ ಪುಸ್ತಕವಿದೆ? ನಮ್ಮ ಕಬರುಗಳು ಸರಳವಾಗಿರಬೇಕು, ಅದು ಸರಿ. ಕಲ್ಲಿನ ಮೇಲೆ ಹೆಸರಿಲ್ಲವೆಂದ ಮೇಲೆ ಪುಸ್ತಕದಲ್ಲಾದರೂ ಇರಲೇಬೇಕು. ಮಣ್ಣಿನಲ್ಲೂ ಇಲ್ಲ, ಕಾಗದದಲ್ಲೂ ಇಲ್ಲ ಎಂದರೆ ನಾಳೆ ‘ನಿಮ್ಮವರು ಇಲ್ಲಿ ಇರಲೇ ಇಲ್ಲ’ ಎನ್ನುವವನಿಗೆ ಏನನ್ನು ತೋರಿಸುತ್ತೇವೆ?

ಮಸೀದಿಯ ಮಿನಾರಕ್ಕೆ, ಬಣ್ಣಕ್ಕೆ, ಶಾಮಿಯಾನಕ್ಕೆ ಚಂದಾ ಎತ್ತುವ ಕಮಿಟಿಗಳು ಅದರಲ್ಲೊಂದು ಸಣ್ಣ ಭಾಗವನ್ನು ಹಳೆಯ ರಿಜಿಸ್ಟರುಗಳ ಪ್ರತಿ ತೆಗೆಸಲು ಮೀಸಲಿಡಲಿ. ಮೊಬೈಲ್ ಹಿಡಿದ ನಾಲ್ಕು ಹುಡುಗ ಹುಡುಗಿಯರು ಒಂದು ವಾರ ಕುಳಿತರೆ ಒಂದು ಮೊಹಲ್ಲಾದ ನೂರು ವರ್ಷ ಉಳಿಯುತ್ತದೆ. ಬೀದಿಯ ಹಿರಿಯರನ್ನು, ವಿಶೇಷವಾಗಿ ಹೆಂಗಸರನ್ನು ಕೂರಿಸಿ ಮಾತಾಡಿಸಿ, ಧ್ವನಿ ಹಿಡಿದಿಡಿ. ಗಂಡಸರಿಗೆ ಜಮೀನಿನ ಗಡಿ ನೆನಪಿರುತ್ತದೆ, ಹೆಂಗಸರಿಗೆ ಜನರ ನಂಟು ನೆನಪಿರುತ್ತದೆ. ದಲಿತ ಕೇರಿಯವರು, ಗಣಿ ಕಾರ್ಮಿಕರ ಸಂಘದವರು, ಚರ್ಚಿನವರು ಇದೇ ಕೆಲಸಕ್ಕೆ ಕೈಹಾಕಿದ್ದರೆ ಅವರ ಜೊತೆ ಕೂಡಿ. ಪಾತಾಳದಲ್ಲಿ ಒಟ್ಟಿಗೆ ಉಸಿರುಗಟ್ಟಿದವರ ಮೊಮ್ಮಕ್ಕಳು ದಾಖಲೆ ಹುಡುಕುವಾಗ ಬೇರೆಬೇರೆಯಾಗಿ ಅಲೆಯಬೇಕಿಲ್ಲ.

ಕಾರ್ನ್‌ವಾಲಿನವರ ಮೇಲೆ ನಮಗೆ ಮತ್ಸರವಿಲ್ಲ. ಅವರ ಅಜ್ಜನಿಗೆ ಸಿಕ್ಕಿದ್ದು ನಮ್ಮ ಅಜ್ಜನಿಗೂ ಸಿಗಲಿ ಎನ್ನುತ್ತಿದ್ದೇವೆ. ಬಡಗಣಿಗಾರನ ಹೆಸರನ್ನೂ ಬೀದಿ, ಮನೆ, ವಯಸ್ಸಿನ ಸಮೇತ ಬರೆದಿಟ್ಟು ನೂರು ವರ್ಷದ ಮೇಲೆ ಅವನ ಮರಿಮೊಮ್ಮಗನ ಕೈಗೆ ಕೊಡುವುದು ಸಾಧ್ಯ ಎಂದು ಅವರ ದೇಶವೇ ತೋರಿಸಿಕೊಟ್ಟಿದೆ. ಹಾಗಿರುವಾಗ ನಮ್ಮ ಪ್ರಭುತ್ವಕ್ಕೆ ಕುಂಟುನೆಪ ಹೇಳುವ ಹಕ್ಕಿಲ್ಲ. ನಿನ್ನ ಅಜ್ಜ ಯಾರು ಎಂದು ನಮ್ಮನ್ನು ಕೇಳುವ ಮೊದಲು ಅದು ಒಂದು ಪ್ರಶ್ನೆಗೆ ಉತ್ತರ ಹೇಳಲಿ. ನಮ್ಮ ಅಜ್ಜ ತೆಗೆದುಕೊಟ್ಟ ಎಂಟುನೂರು ಟನ್ ಚಿನ್ನದ ಲೆಕ್ಕ ನಿಮ್ಮಲ್ಲಿದೆ. ಅವನ ಹೆಸರನ್ನು ಎಲ್ಲಿಟ್ಟಿದ್ದೀರಿ?